ಪಡೆಯುವವರು ಖುದ್ದಾಗಿ ಬರಬೇಕು

ಆ ಸೋಮವಾರ ಬೆಳಿಗ್ಗೆ ಮಾನ್ವಿಯ ಅಕ್ಕಿ ಮಿಲ್ಲಿನ ಮಾಲೀಕರ ಜೊತೆ ನನ್ನದೊಂದು ಜಗಳ ಆಗಷ್ಟೇ ಮುಗಿದಿತ್ತು. ಅವರ ಮಿಲ್ಲಿನ ಹೆಸರಿನ ನಡುವೆ ಇಂಗ್ಲಿಷಿನ 'ಅಂಡ್' ಚಿಹ್ನೆ ಇದೆ, ಜಿಲೇಬಿ ಸುತ್ತಿದ ಹಾಗೆ ಬರೆಯುತ್ತಾರಲ್ಲ, ಅದು. ಹೊರದೇಶಕ್ಕೆ ಹೋಗುವ ಅಕ್ಕಿ ಸ್ಯಾಂಪಲ್ಲಿನ ಕಾಗದದಲ್ಲಿ ಅದನ್ನು ಹಾಕಲೇಬೇಕೆಂದು ಅವರ ಹಟ. ಹಾಕಿದರೆ ಯಂತ್ರ ಇಡೀ ಕಾಗದವನ್ನೇ ಉಗುಳುತ್ತದೆಂದು ನನ್ನ ಹಟ.

"ನಮ್ಮಪ್ಪ ಇಟ್ಟ ಹೆಸರು ರೀ ಅದು. ಬೋರ್ಡಿನ ಮ್ಯಾಗ ಮೊದಲಿಂದ ಹಂಗ ಅದ," ಎಂದರು.

"ಬೋರ್ಡಿನ ಮ್ಯಾಗ ಇರಲಿ ಬಿಡ್ರಿ. ವಿಮಾನದಾಗ ಜಿಲೇಬಿಗೆ ಜಾಗ ಇಲ್ಲ," ಎಂದೆ.

ನಾನು ಕೆಲಸ ಮಾಡುವುದು ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಸಣ್ಣ ಸರಕು ಏಜೆನ್ಸಿಯಲ್ಲಿ. ಹೈದರಾಬಾದಿನಿಂದ ವಿಮಾನದಲ್ಲಿ ಹೋಗುವ, ಬರುವ ಸರಕಿನ ಕಾಗದ ಬರೆಯುವುದು ನನ್ನ ಪಾಲಿನದು. ಕಾಗದ ಎನ್ನುವುದು ಬಾಯಿರೂಢಿ. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ಹೋಗುತ್ತದೆ. ಅದಕ್ಕೆ ಒಂದಿಷ್ಟು ಕಟ್ಟಳೆಗಳಿವೆ. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಚುಕ್ಕೆ, ಅಡ್ಡಗೀಟು, ಖಾಲಿ ಜಾಗ, ಇಷ್ಟೇ ಅದಕ್ಕೆ ಗೊತ್ತು. ಹೆಸರಿಗೆ ಮೂವತ್ತೈದು ಮನೆ. ಮೂವತ್ತಾರನೆಯ ಅಕ್ಷರಕ್ಕೆ ಕತ್ತರಿ. ಎಲ್ಲಕ್ಕಿಂತ ಕೆಟ್ಟದ್ದು ಓರೆಗೆರೆ, ಸ್ಲ್ಯಾಶ್ ಎನ್ನುತ್ತೇವಲ್ಲ, ಅದು. ಅದು ಯಂತ್ರದ ಸ್ವಂತ ಗುರುತು. ಒಂದು ಖಾನೆ ಮುಗಿದು ಮುಂದಿನದು ಶುರುವಾಯಿತೆಂದು ಅದಕ್ಕೆ ತಿಳಿಯುವುದೇ ಆ ಗೆರೆಯಿಂದ. ಹೆಸರಿನ ನಡುವೆ ಹಾಕಿದರೆ ಹೆಸರು ಅಲ್ಲಿಗೇ ತುಂಡು. ಇದನ್ನು ಬಂದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಹೇಳುವಾಗ ದನಿ ಸ್ವಲ್ಪ ಜೋರಾಗುತ್ತದೆ, ಅದೂ ನಿಜ.

ಜಗಳ ಮುಗಿದರೂ ಮಿಲ್ ಮಾಲೀಕರು ಏಳಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಒಬ್ಬರನ್ನು ಒಳಗೆ ಕರೆದರು. ಅವರ ಮಿಲ್ಲಿನಲ್ಲಿ ಯಂತ್ರ ನಡೆಸುವ ಮನುಷ್ಯ, ವಯಸ್ಸು ಐವತ್ತರ ಹತ್ತಿರ, ಊರು ದೇವದುರ್ಗ ತಾಲೂಕಿನ ಜಾಲಹಳ್ಳಿಯ ಪಕ್ಕದ ಹಳ್ಳಿ. ಅವರ ತಮ್ಮ ಕೊಲ್ಲಿ ದೇಶದಲ್ಲಿ ಡ್ರೈವರ್ ಆಗಿದ್ದ. ಮೂರು ವಾರದ ಹಿಂದೆ ಮಲಗಿದಲ್ಲೇ ಹೃದಯ ನಿಂತು ತೀರಿಕೊಂಡಿದ್ದ. ಮರಣಪತ್ರ, ರಾಯಭಾರ ಕಚೇರಿಯ ಅನುಮತಿ ಎಲ್ಲ ಆಗಿತ್ತು. ಹೆಣವೂ ವಿಮಾನದಲ್ಲಿ ಸರಕಾಗಿಯೇ ಬರುತ್ತದೆ, ಅದಕ್ಕೂ ಅದೇ ಕಾಗದ, ಅವೇ ಖಾನೆಗಳು. ಇಲ್ಲಿ ಅದನ್ನು ಪಡೆಯುವವರು ಯಾರು ಎಂಬ ಒಂದು ಸಾಲನ್ನು ಅಲ್ಲಿನ ಏಜೆಂಟ್ ಕೇಳಿದ್ದ. ಅಳತೆಗೆ ಸರಿಯಾಗಿ ನಾನು ಬರೆದು ಕಳಿಸಬೇಕಿತ್ತು.

"ಇಸಗೊಳ್ಳಾಕಿ ಆತನ ಹೆಂಡ್ತಿನ ಆಗ್ಲಿ ಅಂತ ಎಲ್ಲಾರೂ ಅಂದಾರ್ರಿ ಅಕ್ಕಾರ," ಎಂದು ಆ ಅಣ್ಣ ತಮ್ಮನ ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

ಆಕೆ ಹೇಳಿದ ಹಾಗೆ ಬರೆದೆ. ಆಕೆಯ ಹೆಸರು, ಇಂಥವರ ಹೆಂಡತಿ ಎನ್ನಲು ಡಬ್ಲ್ಯೂ, ಖಾಲಿ ಜಾಗ, ಓ, ಗಂಡನ ಹೆಸರು, ಮನೆತನದ ಹೆಸರು. ಎಣಿಸಿದರೆ ಸರಿಯಾಗಿ ಮೂವತ್ತೈದು. ನನ್ನ ಬೆನ್ನು ನಾನೇ ತಟ್ಟಿಕೊಂಡು ನೋಡಲೆಂದು ಆಕೆಗೆ ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತನೇ ತನಕ ಓದಿದಾಕೆ.

"ನಡುವ ಗೆರಿ ಇಲ್ಲಲ್ರಿ," ಎಂದಳು.

"ಗೆರಿ ಬ್ಯಾಡವ್ವಾ, ಯಂತ್ರ ತಗೊಳ್ಳಂಗಿಲ್ಲ."

"ರೇಷನ್ ಕಾರ್ಡಿನಾಗ ಅದ ರೀ. ಗೆರಿ ಇಲ್ಲಂದ್ರ ಅವೆರಡು ಅಕ್ಷರ ನಮ್ಮಪ್ಪನ ಮನಿವು ಇದ್ದಂಗ ಕಾಣ್ತಾವ. ನನ್ನ ಹೆಸರು ಹಂಗ ಒಂಟಿ ಬರೀಬ್ಯಾಡ್ರಿ. ಮಣ್ಣಾಗೋತನಾ ನಾನು ಗಂಡುಳ್ಳಾಕಿ ಅದೀನಿ."

ಅಣ್ಣ ತಲೆ ತಗ್ಗಿಸಿದರು. ಅವರಲ್ಲಿ ಹಾಗೆಯೇ. ಸತ್ತ ಸುದ್ದಿ ಬಂದ ದಿನ ಹೆಂಗಸು ವಿಧವೆಯಾಗುವುದಿಲ್ಲ, ಮಣ್ಣು ಕೊಟ್ಟ ಮೇಲೆಯೇ ಆಗುವುದು. ಮೂರು ವಾರದಿಂದ ಆಕೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. 'ವೈಫ್ ಆಫ್' ಎಂದು ಬಿಡಿಸಿ ಬರೆದರೆ ನಾಲ್ಕು ಅಕ್ಷರ ಹೆಚ್ಚಾಗಿ ಮನೆತನದ ಹೆಸರಿನ ಬಾಲಕ್ಕೆ ಕತ್ತರಿ ಬೀಳುತ್ತಿತ್ತು. ನನಗೆ ಏನಾಯಿತೋ, ಗೆರೆ ಹಾಕಿಬಿಟ್ಟೆ. ಅಲ್ಲಿನ ಏಜೆಂಟನಿಗೂ ಕಟ್ಟಳೆ ಗೊತ್ತಿರುತ್ತದೆ, ಯಂತ್ರಕ್ಕೆ ಹಾಕುವಾಗ ಅವನೇ ತೆಗೆಯುತ್ತಾನೆ, ಈಕೆಯ ಕಣ್ಣಿಗಾದರೂ ಇರಲಿ ಎಂದುಕೊಂಡೆ. ಮಿಲ್ ಮಾಲೀಕರು ನನ್ನ ಮುಖವನ್ನೇ ನೋಡಿದರು. ಸಂಪರ್ಕಕ್ಕೆ ಫೋನ್ ನಂಬರ್ ಕೇಳಿದಾಗ ಆಕೆ ಕೊಟ್ಟದ್ದು ಗಂಡ ಊರಿನಲ್ಲಿ ಬಿಟ್ಟುಹೋಗಿದ್ದ ಹಳೆಯ ಸಿಮ್ಮಿನ ನಂಬರ್. ಅದನ್ನೂ ಬರೆದೆ.

ಗುರುವಾರ ಮಧ್ಯಾಹ್ನ ಪರದೆಯ ಮೇಲೆ 'ಬಂದಿದೆ' ಎಂದು ಕಂಡಿತು. ಹೆಸರಿನ ಖಾನೆ ತೆರೆದು ನೋಡುವ ವ್ಯವಧಾನ ನನಗಿರಲಿಲ್ಲ. ಅಣ್ಣನಿಗೆ ಫೋನ್ ಮಾಡಿ, "ಬಂದದ. ನಾಳಿ ಮುಂಜಾನಿ ಕೈಗೆ ಸಿಗ್ತದ," ಎಂದೆ. ಆ ಒಂದು ಮಾತು ನಂಬಿ ಅವರು ಆಂಬುಲೆನ್ಸ್ ಮಾಡಿಕೊಂಡು ಹೈದರಾಬಾದಿಗೆ ಹೋದರು. ಅದೇ ಮಾತು ನಂಬಿ ಊರಿನವರು ಶುಕ್ರವಾರ ಹೊತ್ತು ಹುಟ್ಟುವುದರೊಳಗೆ ಮಣ್ಣು ಮಾಡಲು ಕುಣಿ ತೋಡಿದರು.

ಶುಕ್ರವಾರ ಹತ್ತು ಗಂಟೆಗೆ ಅಣ್ಣ ಸರಕು ಗೋದಾಮಿನಿಂದ ಫೋನ್ ಮಾಡಿದರು. "ಅಕ್ಕಾರ, ಕೊಡಂಗಿಲ್ಲ ಅನ್ನಾಕತ್ತಾರ. ಇಸಗೊಳ್ಳಾಂವ ಬ್ಯಾರೆ ಅದಾನಂತ."

"ಬ್ಯಾರೆ ಯಾರು?"

"ನನ್ನ ತಮ್ಮನ ಹೆಸರು ಹೇಳಾಕತ್ತಾರ್ರಿ."

ಕಿಟಕಿಯಲ್ಲಿದ್ದ ಗುಮಾಸ್ತ ಫೋನ್ ತೆಗೆದುಕೊಂಡು ತೆಲುಗಿನಲ್ಲಿ ವಿವರಿಸಿದ. ಪಡೆಯುವವರೆಂದು ಪರದೆಯಲ್ಲಿರುವ ವ್ಯಕ್ತಿ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬರಬೇಕು, ಆಗದಿದ್ದರೆ ಅವರ ಸಹಿ ಇರುವ ಅಧಿಕಾರ ಪತ್ರ ಬೇಕು ಎಂದ. ನಂತರ ಮತ್ತೊಂದು ಕಾಗದ ತಿರುವಿದ ಸದ್ದು ಕೇಳಿಸಿತು. ಬಹಳ ಮೆತ್ತಗೆ, ಮೇಡಂ, ಒಳಗಿರುವವನ ಹೆಸರೂ ಇದೇ ಇದೆ ಎಂದ.

ನಾನು ಆ ದಾಖಲೆ ತೆರೆದೆ. ಯಾರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ. ನನ್ನ ಸಾಲನ್ನು ಅಲ್ಲಿ ಇದ್ದ ಹಾಗೇ ಹಾಕಿದ್ದರು. ಯಂತ್ರ ಗೆರೆಯ ಹತ್ತಿರ ಸಾಲನ್ನು ಕತ್ತರಿಸಿತ್ತು. ಆಕೆಯ ಹೆಸರು ಮತ್ತು ಡಬ್ಲ್ಯೂ ಹಿಂದಿನ ಖಾನೆಗೆ ಬಿದ್ದಿದ್ದವು. ಅದು ಗ್ರಾಹಕ ಸಂಖ್ಯೆಯ ಖಾನೆ, ಅಲ್ಲಿ ಹೆಸರಿಗೆ ಬೆಲೆಯಿಲ್ಲ, ಅಳಿಸಿಹೋಗಿತ್ತು. ಹೆಸರಿನ ಖಾನೆಗೆ ಬಂದದ್ದು ಒಂಟಿ ಓ ಮತ್ತು ಸತ್ತವನ ಹೆಸರು. ಆ ಓ ಅಕ್ಷರವನ್ನೂ ದಾರಿಯಲ್ಲಿ ಎಲ್ಲೋ ಹೆಚ್ಚಿನದೆಂದು ತೆಗೆದುಹಾಕಿದ್ದರು. ಈಗ ಕಾಗದದ ಪ್ರಕಾರ ಹೆಣವೂ ಅವನೇ, ಹೆಣ ಒಯ್ಯಲು ಬರಬೇಕಾದವನೂ ಅವನೇ.

ತಿದ್ದುಪಡಿ ಕಳಿಸಬೇಕಾದದ್ದು ಸರಕು ಹತ್ತಿದ ಊರಿನ ಕಚೇರಿ. ಅಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ತೆರೆದರೂ ಅವರು ನೋಡಿ, ಒಪ್ಪಿ, ಕಳಿಸಲು ಎಷ್ಟು ದಿನವೋ ಯಾರೂ ಹೇಳಲಿಲ್ಲ. ನಮ್ಮ ಏಜೆನ್ಸಿಯ ಮಾಲೀಕರಿಗೆ ತಿಳಿಸಿದೆ. "ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ತಾನ ಬಚ್ಚಲದಾಗ ಬಿದ್ದಿತ್ತಂತ," ಎಂದರು.

ಮಧ್ಯಾಹ್ನ ಅಣ್ಣನೇ ಒಂದು ದಾರಿ ಹೇಳಿದರು. "ನಮ್ಮ ಕಾಕಾನ ಮಗ ಶಕ್ತಿನಗರದಾಗ ಕಾಂಟ್ರಾಕ್ಟಿನ ಕೆಲಸ ಮಾಡ್ತಾನ್ರಿ. ಅವಗೂ ನನ್ನ ತಮ್ಮಗೂ ಮುತ್ಯಾನ ಹೆಸರ ಇಟ್ಟಾರ. ಮನೆತನದ ಹೆಸರೂ ಒಂದ. ಆಧಾರ್ ತೋರಿಸಿದ್ರ ಮುಗೀತಲ್ರಿ?"

ಮುಗಿಯುತ್ತಿತ್ತು. ಪರದೆಯ ಹೆಸರು, ಚೀಟಿಯ ಹೆಸರು ಒಂದೇ ಆದರೆ ಕಿಟಕಿಯಲ್ಲಿ ಮತ್ತೇನೂ ಕೇಳುವುದಿಲ್ಲ. ಕಳಿಸ್ರಿ ಎಂದುಬಿಟ್ಟೆ. ತಪ್ಪು ಮುಚ್ಚಿಹೋಗುತ್ತದೆಂದು ನನ್ನ ಮನಸ್ಸು ಹಗುರವಾದದ್ದನ್ನೂ ಮುಚ್ಚಿಡುವುದಿಲ್ಲ.

ಎರಡು ಗಂಟೆಗೆ ಆತ ಆಫೀಸಿಗೆ ಬಂದ. ಬಾಗಿಲಲ್ಲೇ ನಿಂತ. ನಾನು ಅಧಿಕಾರ ಪತ್ರದ ಫಾರಂ ಮುಂದಿಟ್ಟುಕೊಂಡು ಆತನ ಹೆಸರು ಹಿಡಿದು, ಒಳಗೆ ಬನ್ನಿ ಎಂದೆ.

"ಹೆಸರು ಹಿಡದು ಕರೀಬ್ಯಾಡ್ರಿ," ಎಂದ. "ಊರಾಗ ಕುಣಿ ತೋಡ್ಯಾರ. ಅದು ತುಂಬೋತನಾ ಯಾರನ್ನೂ ಹೆಸರು ಹಿಡದು ಕರೀಬಾರದು. ಅದೂ ನನ್ನ ಹೆಸರು. ಸಹಿ ಎಲ್ಲಿ ಹಾಕ್ಲಿ ಅಷ್ಟ ಹೇಳ್ರಿ, ಹಾಕಿ ಹೋಗ್ತೀನಿ."

ಫಾರಂ ತಿರುಗಿಸಿ ಕೊಟ್ಟೆ. ಮೃತರ ಹೆಸರು ಎಂದು ಒಂದು ಸಾಲು. ಪಡೆಯುವವರ ಹೆಸರು ಎಂದು ಅದರ ಕೆಳಗೆ ಇನ್ನೊಂದು. ಎರಡೂ ಕಡೆ ನಾನೇ ಟೈಪು ಮಾಡಿದ ಅದೇ ಹೆಸರು. ಸಹಿಯ ಜಾಗದಲ್ಲಿ ಆತ ಮೊದಲಕ್ಷರ ಬರೆದ. ಮದುವೆಯಾದ ಗಂಡಸು, ಬದುಕಿ ಬಾಳುವವನು, ನನ್ನ ಮೇಜಿನ ಮೇಲೆ ತನ್ನ ಹೆಣವನ್ನು ತಾನೇ ಪಡೆಯಲು ಸಹಿ ಹಾಕುತ್ತಿದ್ದಾನೆ ಎನಿಸಿತು. ನನಗೆ ಇಂಥದರಲ್ಲಿ ನಂಬಿಕೆ ಇಲ್ಲ. ಆದರೂ ಫಾರಂ ಕಸಿದುಕೊಂಡು ಹರಿದುಹಾಕಿದೆ.

"ಹೋಗಪ್ಪಾ ನೀನು. ಡ್ಯೂಟಿ ನೋಡಿಕೋ."

ಆತ ಮೆಟ್ಟಿಲು ಇಳಿದ ಸದ್ದು ಬಹಳ ಬೇಗ ನಿಂತಿತು.

ಉಳಿದ ದಾರಿ ಒಂದೇ. ಗೋದಾಮಿನ ಮೇಲಧಿಕಾರಿಯನ್ನು ಕೇಳಿದಾಗ ಹೇಳಿದ್ದರು: ಬರೆದು ಕಳಿಸಿದ ಏಜೆನ್ಸಿಯೇ ತಪ್ಪು ನಮ್ಮದೆಂದು ಸಹಿ ಮಾಡಿ ಕೊಟ್ಟರೆ, ನಿಜವಾಗಿ ಪಡೆಯಬೇಕಾದವರು ಗುರುತಿನ ಚೀಟಿಯಲ್ಲಿರುವ ಹಾಗೆ ಹೆಸರು ಬರೆದು ಪತ್ರ ಕೊಟ್ಟರೆ, ಇಲ್ಲಿಯೇ ಸರಿಪಡಿಸಬಹುದು. ಎರಡೂ ಮೂಲ ಪ್ರತಿ ಬೇಕು, ಫೋಟೋ ನಡೆಯದು. ತಪ್ಪೊಪ್ಪಿಗೆ ಬರೆದರೆ ಲೈಸನ್ಸಿಗೇ ಕುತ್ತು ಎಂದು ನಮ್ಮ ಮಾಲೀಕರು ಕೂಗಾಡಿದರು. ಏಜೆನ್ಸಿಯ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದು, ಗೆರೆ ಹಾಕಿದ್ದು ನಾನೇ ಎಂದು ಒಂದು ಸಾಲು ಸೇರಿಸಿದೆ. ಅದನ್ನು ನೋಡಿದ ಮೇಲೆ ಅವರು ಗೊಣಗುತ್ತ ಸೀಲು ಒತ್ತಿದರು. ಇನ್ನು ಬೇಕಾದದ್ದು ಆಕೆಯ ಸಹಿ. ಆಕೆಯ ಆಧಾರಿನಲ್ಲಿ ಇರುವುದು ಬರಿಯ ಹೆಸರು, ಗಂಡನ ಹೆಸರಿಲ್ಲ.

ಶನಿವಾರ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಜಾಲಹಳ್ಳಿಯ ಬಸ್ಸು, ಜಾಲಹಳ್ಳಿಯಿಂದ ಆಟೋ. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಆಟೋದವನು ಇಳಿಸಿ, ಮುಂದೆ ಬರುವುದಿಲ್ಲ ಎಂದ. ಹನ್ನೆರಡರ ಬಿಸಿಲು. ಹತ್ತಿ ಹೊಲದ ಅಂಚಿನಲ್ಲಿ ಜಾಲಿ ಗಿಡ, ಅದರ ಪಕ್ಕ ಎರೆಮಣ್ಣಿನ ಗುಡ್ಡೆ. ಗುಡ್ಡೆಯ ಈಚೆ ಇಬ್ಬರು ಗಂಡಸರು, ಆಚೆ ಒಬ್ಬ ಮುದುಕಿ. ಮೂವರೂ ತೋಡಿದ ಕುಣಿಯೊಳಗೆ ನೋಡುತ್ತ ಕೂತಿದ್ದರು. ಹತ್ತಿರ ಹೋಗಿ ಬಗ್ಗಿದೆ. ಕುಣಿಯೊಳಗೆ ಬಿಳಿ ಧೋತರ ಸುತ್ತಿ ಯಾವುದೋ ಕೂಸನ್ನು ಮಲಗಿಸಿದ್ದಾರೆ ಎನಿಸಿ ಹಿಂದೆ ಸರಿದೆ.

"ರುಬ್ಬೋ ಗುಂಡು ಅದು," ಎಂದಳು ಮುದುಕಿ. ಸತ್ತವನ ತಾಯಿ. "ತೋಡಿದ ಕುಣಿ ಖಾಲಿ ಬಿಡಬಾರದು ಯವ್ವಾ. ನಿನ್ನಿಯಿಂದ ಪಾಳಿ ಹಚ್ಚಿ ಕುಂತೀವಿ."

ಸೊಸೆಯ ಹೆಸರು ಹೇಳಿ, ಮನೆ ಯಾವುದೆಂದು ಕೇಳಬೇಕೆಂದು ಬಾಯಿ ತೆರೆದೆ. ಮೊದಲಕ್ಷರ ಹೊರಬರುವಷ್ಟರಲ್ಲಿ ಮುದುಕಿ ಎದ್ದು ಬಂದು ಮಣ್ಣಿನ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಇಲ್ಲಿ ಹೆಸರು ತಗೀಬ್ಯಾಡ. ಕೇಳಿಸ್ಕೊಂತದ."

ಮುಂದೆ ಮುದುಕಿ, ಹಿಂದೆ ನಾನು, ಊರೊಳಗೆ ನಡೆದೆವು. ದಾರಿಯಲ್ಲಿ ತಾಯಂದಿರು ಮಕ್ಕಳನ್ನು ಕರೆಯುತ್ತಿದ್ದದ್ದು ಚಪ್ಪಾಳೆ ತಟ್ಟಿ. ಇಡೀ ಊರಿನಲ್ಲಿ ಒಂದು ಹೆಸರೂ ಕಿವಿಗೆ ಬೀಳಲಿಲ್ಲ.

ಆಕೆ ಅಂಗಳದಲ್ಲಿ ಒಲೆಯ ಮುಂದೆ ಕೂತಿದ್ದಳು. ದೊಡ್ಡ ಹಂಡೆಯಲ್ಲಿ ಸ್ನಾನದ ನೀರು ಕಾಯುತ್ತಿತ್ತು. ನಿನ್ನೆಯಿಂದ ಆರಲು ಬಿಟ್ಟಿಲ್ಲ ಎಂದು ಮುದುಕಿ ಕಿವಿಯಲ್ಲಿ ಹೇಳಿದಳು. ನಾನು ಯಾರೆಂದು ತಿಳಿಯುತ್ತಲೇ ಆಕೆ ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು, ಸೆರಗಿನೊಳಗಿಂದ ಫೋನ್ ತೆಗೆದು ನನ್ನ ಕೈಗಿಟ್ಟಳು. ಒಂದರ ಕೆಳಗೊಂದು ಗೋದಾಮಿನಿಂದ ಬಂದ ಏಳು ಸಂದೇಶ. ಏಳರಲ್ಲೂ ಅದೇ ಮಾತು. ಸತ್ತವನ ಹೆಸರು ಹಿಡಿದು, ಪ್ರಿಯರೇ ಎಂದು ಕರೆದು, ನಿಮ್ಮ ಸರಕು ಬಂದಿದೆ, ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬಂದು ಪಡೆಯಿರಿ ಎಂದು ಬರೆದಿತ್ತು.

"ನಿನ್ನಿ ಫೋನೂ ಬಂದಿತ್ರಿ," ಎಂದಳು. "ಹಿಂದಿಯಾಗ ಮಾತಾಡಿದ್ರು. ನಮ್ಮ ಮನಿಯವರ ಹೆಸರು ಹೇಳಿ, ಅದಾರೇನು ಅಂದ್ರು."

"ನೀ ಏನಂದಿ?"

"ಮನ್ಯಾಗಿಲ್ಲ ಅಂದೆ. ಬಂದ ಕೂಡ್ಲೆ ಕಳಸ್ತೀನಿ ಅಂದೆ."

ಆಕೆ ಹತ್ತಿರ ಸರಿದು ಕೂತಳು. ಮುಖದಲ್ಲಿ ದುಃಖವಿರಲಿಲ್ಲ. ಲೆಕ್ಕದ ಉತ್ತರ ಸಿಕ್ಕ ಹುಡುಗಿಯ ಮುಖ ಇರುತ್ತದಲ್ಲ, ಹಾಗಿತ್ತು.

"ನೋಡ್ರಿ ಅಕ್ಕಾರ. ಪೆಟ್ಟಿಗಿ ಬಂದದ ಅಂತಾರ. ಅದನ್ನ ಒಯ್ಯಾಕ ಇವರ ಬರಬೇಕಂತ. ಪೆಟ್ಟಿಗಿ ಒಯ್ಯಾಂವ ಪೆಟ್ಟಿಗಿ ಒಳಗ ಹ್ಯಾಂಗ ಇರ್ತಾನ್ರಿ? ಇವರು ಹೊರಗ ಅದಾರ. ಒಳಗ ಬ್ಯಾರೆ ಯಾರೋ ಅದಾರ. ನೀವು ಕಣ್ಣಾರೆ ನೋಡೀರೇನು?"

ನಾನು ನೋಡಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಪೆಟ್ಟಿಗೆಯ ಒಳಗೂ ನೋಡಿದವಳಲ್ಲ ನಾನು. ಅಕ್ಷರ ಮಾತ್ರ ನೋಡಿದ್ದೇನೆ. ಹಂಡೆಯ ನೀರು ಕುದಿಯುತ್ತಿತ್ತು, ಮುದುಕಿ ನನ್ನನ್ನೇ ನೋಡುತ್ತಿದ್ದಳು, ಒಂದು ಗಳಿಗೆ ಈಕೆ ಹೇಳುವುದು ನಿಜವಿರಬಹುದೆಂದು ನನಗೂ ಅನಿಸಿತು. ಆತ ಈಗಲೇ ಬಾಗಿಲಿನಿಂದ ಒಳಗೆ ಬಂದಾನು ಎಂದು ತಿರುಗಿ ನೋಡಿದೆ ಕೂಡ. ಹೆದರಿಕೆಯಾಯಿತು.

ಚೀಲದಿಂದ ಒಂದು ಹಾಳೆ ತೆಗೆದು ಅಂದು ಕಳಿಸಿದ ಸಾಲನ್ನು ಹಾಗೇ ಬರೆದೆ. ಆಕೆಯ ಹೆಸರು, ಡಬ್ಲ್ಯೂ, ಗೆರೆ, ಓ, ಆತನ ಹೆಸರು. "ಯಂತ್ರ ಹಿಂಗ ಮಾಡ್ತದವ್ವಾ," ಎಂದು ಗೆರೆಯ ಗುಂಟ ಹಾಳೆ ಹರಿದೆ. ಆಕೆಯ ಹೆಸರಿದ್ದ ತುಂಡನ್ನು ಪಕ್ಕಕ್ಕಿಟ್ಟೆ. ಆತನ ಹೆಸರಿನ ತುಂಡನ್ನು ಆಕೆಯ ಮುಂದಿಟ್ಟೆ. "ಉಳಿದದ್ದು ಇಷ್ಟ. ಅದಕ್ಕ ಮೆಸೇಜು ಅವರ ಹೆಸರಿಗೆ ಬರಾಕತ್ತಾವ. ಗೆರಿ ಹಾಕಬಾರದಿತ್ತು, ನನಗ ಗೊತ್ತಿತ್ತು, ಹಾಕಿದೆ. ತಪ್ಪು ನಂದು. ಅವರು ಬಂದಿಲ್ಲ. ಅವರು ಬರಂಗಿಲ್ಲ."

ಆಕೆ ಎರಡೂ ತುಂಡುಗಳನ್ನು ಒಂದರ ಪಕ್ಕ ಒಂದು ಹೊಂದಿಸಿ ನೋಡಿದಳು. ಮತ್ತೆ ಬಿಡಿಸಿದಳು. "ಈಗ ಏನ್ ಮಾಡ್ಬೇಕ್ರಿ?" ಎಂದಳು.

"ಈ ಪತ್ರಕ್ಕ ಸಹಿ ಬೇಕು. ನಿನ್ನ ಹೆಸರು ಒಂದ. ಮುಂದ ಏನೂ ಇಲ್ಲ."

ಆಕೆ ಒಳಗೆ ಹೋಗಿ ಎಣ್ಣೆ ಬಟ್ಟಲು ತಂದಳು. ಕೂತು ಎಡಗೈಗೆ ಎಣ್ಣೆ ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸತೊಡಗಿದಳು. ಮುದುಕಿ ಓಡಿಬಂದು ಆ ಕೈ ಹಿಡಿದಳು.

"ಇನ್ನಾ ಮಣ್ಣಾಗಿಲ್ಲವ್ವಾ. ಈಗ ಯಾಕ ತೆಗೀತಿ?"

"ಇವರು ಒಂಟಿ ಹೆಸರು ಕೇಳಾಕತ್ತಾರ ಅತ್ತಿ. ಬಳಿ ಇಟಗೊಂಡು ಒಂಟಿ ಹೆಸರು ಹ್ಯಾಂಗ ಬರೀಲಿ?"

ಸಹಿಗೂ ಬಳೆಗೂ ಸಂಬಂಧವಿಲ್ಲವೆಂದು ನನಗೆ ಗೊತ್ತಿತ್ತು. ನಾಲ್ಕು ಹೆಂಗಸರು ಸುತ್ತ ನಿಂತು, ಅತ್ತು ಕರೆದು ಆಗಬೇಕಾದ ಕೆಲಸವನ್ನು ಆಕೆ ನನ್ನ ಒಂದು ಕಾಗದಕ್ಕಾಗಿ ಒಬ್ಬಳೇ ಮಾಡಿಕೊಳ್ಳುತ್ತಿದ್ದಳು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಎರಡೂ ಕೈ ಬರಿದಾದ ಮೇಲೆ ಎಣ್ಣೆ ಒರೆಸಿಕೊಂಡು, ಪೆನ್ನು ಕೇಳಿ, ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಹೆಸರು ಬರೆದಳು. ಹಂಡೆಯ ಕೆಳಗಿನ ಕಟ್ಟಿಗೆ ಎಳೆದು ನೀರು ಚಿಮುಕಿಸಿದಳು.

ಸಂಜೆ ಐದಕ್ಕೆ ರಾಯಚೂರು ಮುಟ್ಟಿದೆ. ಮಿಲ್ ಮಾಲೀಕರು ಮಾನ್ವಿಯಿಂದ ಕಾರು ತಂದು ಕಾಯುತ್ತಿದ್ದರು. ಗೆರೆಯ ವಿಷಯ ಎತ್ತಿ ನನ್ನನ್ನು ಚುಚ್ಚಬಹುದಿತ್ತು, ಚುಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ಅವರೇ ಹೈದರಾಬಾದಿನ ಕಿಟಕಿಗೆ ಎರಡೂ ಪತ್ರ ಮುಟ್ಟಿಸಿದರು. ಮಧ್ಯಾಹ್ನ ಮೂರಕ್ಕೆ ಪರದೆಯಲ್ಲಿ ಹೆಸರು ಬದಲಾಯಿತು. ಆಕೆಯ ಹೆಸರು, ಅದರ ಮುಂದೆ ಉಳಿದ ಮನೆಗಳೆಲ್ಲ ಖಾಲಿ. ಪೆಟ್ಟಿಗೆ ಹೊರಬಿತ್ತು.

ಸೋಮವಾರ ಹನ್ನೊಂದರ ಸುಮಾರಿಗೆ ಅಣ್ಣನ ಫೋನ್ ಬಂತು. ಮಣ್ಣಾಯಿತು ಎಂದರು. "ಪೆಟ್ಟಿಗಿ ತೆರದ್ವಿ ಅಕ್ಕಾರ. ಮುಖದ ಬಣ್ಣ ಹೋಗಿತ್ತು, ನನಗ ಗುರುತು ಹತ್ತಲಿಲ್ಲ. ಆಕಿ ಮುಖಾ ನೋಡ್ಲೇ ಇಲ್ಲ. ಎಡಗಾಲು ತೋರಸ್ರಿ ಅಂದ್ಲು. ಟ್ರ್ಯಾಕ್ಟರಿನಾಗ ಸಿಕ್ಕು ಹೆಬ್ಬೆರಳಿನ ಉಗುರು ಹೋಗಿತ್ತು ಅವಂದು. ಅದನ್ನ ಬರಿಗೈಲೆ ಸವರಿ ಸವರಿ ನೋಡಿದ್ಲು," ಎಂದರು.

"ಏನಂದ್ಲು?" ಎಂದೆ. ಕೇಳುವಾಗಲೇ ನನಗೆ ತಿಳಿಯಿತು, ಶನಿವಾರದಿಂದ ನಾನೂ ಆ ಪೆಟ್ಟಿಗೆಯಲ್ಲಿ ಬೇರೆ ಯಾರೋ ಇರಲಿ ಎಂದು ಕಾಯುತ್ತಿದ್ದೆ.

"ನಮ್ಮ ಮನಿಯವರ ಅದಾರ, ಅಂದ್ಲು."